ಚಿಮಣಿಯಲ್ಲಿ ಬಿಳಿ ಹೊಗೆ: ಘಟಕ ಕೆಟ್ಟಿದೆಯಾ?

ಪ್ರಶ್ನೆ: ನಮ್ಮೂರಿನ ಪಕ್ಕದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಗಂಧಕ ತೆಗೆಯುವ ಘಟಕ ಹಾಕಿದ್ದಾರೆ. ಮೊದಲು ಚಿಮಣಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಈಗ ದಟ್ಟ ಬಿಳಿ ಹೊಗೆ. ಇದೇನು, ಉಲ್ಟಾ ಆಯ್ತಲ್ವಾ?

ಉತ್ತರ: ಉಲ್ಟಾ ಆಗಿಲ್ಲ. ನೀವು ನೋಡುತ್ತಿರುವುದು ಬಹುಪಾಲು ಹಬೆ.

ಕಲ್ಲಿದ್ದಲಿನಲ್ಲಿರುವ ಗಂಧಕ ಉರಿದರೆ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವೇ ಇಲ್ಲ. ಬೂದಿ ಹಿಡಿಯುವ ಯಂತ್ರಕ್ಕೂ ಅದು ಸಿಗುವುದಿಲ್ಲ. ಅಂದರೆ ಏನೂ ಕಾಣದಿದ್ದ ಆ ದಿನಗಳಲ್ಲೇ ಗಂಧಕ ಆರಾಮಾಗಿ ಹೊರಗೆ ಹೋಗುತ್ತಿತ್ತು.

ಈಗ ಕಲ್ಲಿದ್ದಲು ಉರಿದು ಬಂದ ಸುಮಾರು 130 ಡಿಗ್ರಿ ಬಿಸಿಯ ಗಾಳಿ ಒಂದು ಎತ್ತರದ ಗೋಪುರದೊಳಗೆ ಬರುತ್ತದೆ. ಮೇಲಿನಿಂದ ಅದಕ್ಕೆ ಸುಣ್ಣದಕಲ್ಲಿನ ಪುಡಿ ಕಲಸಿದ ನೀರಿನ ಮಳೆ. ಗಂಧಕದ ಅನಿಲ ನೀರಿನಲ್ಲಿ ಕರಗಿ ಆಮ್ಲವಾಗುತ್ತದೆ, ಸುಣ್ಣ ಅದನ್ನು ಹಿಡಿದುಕೊಳ್ಳುತ್ತದೆ. ಗೋಪುರದ ತಳದಲ್ಲಿ ಗಾಳಿ ಊದಿದರೆ ಅದೇ ಗಸಿ ಜಿಪ್ಸಮ್ ಆಗಿ, ಸಿಮೆಂಟ್ ಕಾರ್ಖಾನೆಗೆ ಲಾರಿ ಹತ್ತುತ್ತದೆ. ಲೆಕ್ಕ ನೋಡಿ: 1 ಕಿಲೋ ಸಲ್ಫರ್ ಡೈಆಕ್ಸೈಡ್ ಹಿಡಿಯಲು ಒಂದೂವರೆ ಕಿಲೋಗಿಂತ ಸ್ವಲ್ಪ ಜಾಸ್ತಿ ಸುಣ್ಣದಕಲ್ಲು ಬೇಕು, ಸಿಗುವ ಜಿಪ್ಸಮ್ ಸುಮಾರು 2.7 ಕಿಲೋ. ಸುಣ್ಣದಕಲ್ಲಿನಿಂದ ಒಂದಿಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ, ಅದನ್ನೂ ಹೇಳಬೇಕು.

ಸ್ನಾನ ಮುಗಿಸಿದ ಗಾಳಿ ಸುಮಾರು 50 ಡಿಗ್ರಿಗೆ ಇಳಿದು, ನೀರಾವಿ ತುಂಬಿಕೊಂಡು ಹೊರಬರುತ್ತದೆ. ಹೊರಗಿನ ತಂಪು ತಾಗಿದ್ದೇ ತಡ, ಬೆಳ್ಳಗಾಗುತ್ತದೆ. ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ. ಚಳಿಯ ಬೆಳಿಗ್ಗೆ ಬಾಲ ಉದ್ದ, ಬಿರುಬಿಸಿಲಿನಲ್ಲಿ ಗಿಡ್ಡ. ಸ್ವಲ್ಪ ದೂರ ಹೋಗಿ ಕರಗಿಹೋಗುತ್ತದೆ, ಬೂದಿಯ ಹೊಗೆಯಾದರೆ ಹಾಗೆ ಕರಗುವುದಿಲ್ಲ.

ಲಂಡನ್ನಿನ ಬ್ಯಾಟರ್ಸೀ ಸ್ಥಾವರದಲ್ಲಿ 1930ರ ದಶಕದಲ್ಲೇ ಥೇಮ್ಸ್ ನದಿಯ ನೀರಿನಿಂದ ಹೊಗೆ ತೊಳೆಯುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಯಾಕೆ ಗೊತ್ತಾ? ಬಿಳಿ ಹಬೆ ಶತ್ರು ವಿಮಾನಗಳಿಗೆ ಗುರುತು ಕೊಡುತ್ತದೆ ಅಂತ.

ಹಾಗಂತ ಬಿಳಿ ಕಂಡರೆ ಎಲ್ಲ ಸರಿ ಅಂತಲೂ ಅಲ್ಲ. ಗಂಧಕ ಎಷ್ಟು ಹೋಗುತ್ತಿದೆ ಅನ್ನುವುದನ್ನು ಚಿಮಣಿಯ ಮೀಟರ್ ಮಾತ್ರ ಹೇಳುತ್ತದೆ. ಹೊರಹೋಗುವ ಗಾಳಿಯನ್ನು ಮತ್ತೆ ಬಿಸಿ ಮಾಡುವ ಸ್ಥಾವರಗಳಲ್ಲಿ ಹಬೆ ಕಡಿಮೆಯೇ ಕಾಣುತ್ತದೆ. ನಿಮ್ಮೂರಿನದು ಹಾಗಿಲ್ಲದಿದ್ದರೆ, ಚಳಿಯ ಬೆಳಿಗ್ಗೆಯೂ ಚಿಮಣಿ ಪೂರ್ತಿ ಖಾಲಿ ಕಂಡ ದಿನ ವಿಚಾರಿಸಿ: ಸ್ಥಾವರ ನಿಂತಿದೆಯಾ, ಇಲ್ಲ ಗಾಳಿಯನ್ನು ಗೋಪುರಕ್ಕೆ ಬಿಡದೆ ಸುಮ್ನೆ ಪಕ್ಕದ ದಾರಿಯಲ್ಲಿ ಕಳಿಸುತ್ತಿದ್ದಾರಾ?