ಕಣ್ಣಿನ ಸುತ್ತ ಸುಕ್ಕು: ಮೆಷಿನ್ ಹೆಸರು ಕೇಳೋಕೆ ಮುಂಚೆ ಕನ್ನಡಿ ನೋಡ್ಕೊಳ್ಳಿ

ಕಣ್ಣಿನ ಸುತ್ತ ಸುಕ್ಕು ಅಂತ ಬರೋರಲ್ಲಿ ತುಂಬಾ ಜನ ಟ್ರೀಟ್‌ಮೆಂಟ್ ಹೆಸರನ್ನ ಮೊದ್ಲೇ ಡಿಸೈಡ್ ಮಾಡ್ಕೊಂಡೇ ಬಂದಿರ್ತಾರೆ, "ಡಾಕ್ಟ್ರೇ ನಂಗೆ ಥರ್ಮೇಜ್ ಮಾಡಿ", "ಹೈಫು ಮಾಡ್ತೀರಾ" ಅಂತ. ಎರಡೂ ಶಾಖ ಕೊಟ್ಟು ಚರ್ಮ ಬಿಗಿ ಮಾಡೋ, ಅಂದ್ರೆ ಟೈಟನಿಂಗ್ ಮಾಡೋ ಮೆಷಿನ್‌ಗಳು. ನಾನು ಮೊದ್ಲು ಕೇಳೋದು, ಈ ಗೆರೆ ನಕ್ಕಾಗ ಮಾತ್ರ ಬರುತ್ತಾ ಅಥವಾ ಮುಖ ಸುಮ್ನೆ ಇಟ್ಕೊಂಡಾಗ್ಲೂ ಇರುತ್ತಾ ಅಂತ. ಮುಂದಿನದೆಲ್ಲಾ ಆ ಉತ್ತರದ ಮೇಲೇ ನಿಂತಿರುತ್ತೆ.

ನಕ್ಕಾಗ ಮಾತ್ರ ಕಣ್ಣಿನ ಹೊರ ಮೂಲೇಲಿ ಗೆರೆ ಬಿದ್ದು ಆಮೇಲೆ ಮಾಯ ಆಗುತ್ತೆ ಅಂದ್ರೆ ಅದು ಕಣ್ಣಿನ ಸುತ್ತ ಉಂಗುರದ ಥರ ಇರೋ ಸ್ನಾಯುವಿನ ಕೆಲಸ, ಚರ್ಮ ಸಡಿಲ ಆಗಿರೋದಲ್ಲ. ಅದಕ್ಕೆ ಟೈಟನಿಂಗ್ ಮೆಷಿನ್ ಹಾಕಿ ದುಡ್ಡು ಸುರಿಯೋದು ಬೇಡ, ಆ ಸ್ನಾಯುವನ್ನ ಸ್ವಲ್ಪ ಕಾಲ ಸಡಿಲ ಮಾಡೋ ಬೊಟಾಕ್ಸ್ ಇಂಜೆಕ್ಷನ್ ಸಾಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಜಾಗಕ್ಕೆ ಅದನ್ನ 2013ರಲ್ಲೇ ಒಪ್ಪಿದೆ. ಕೆಲವೇ ದಿನದಲ್ಲಿ ಎಫೆಕ್ಟ್ ಶುರುವಾಗಿ ಮೂರ್ನಾಕು ತಿಂಗಳು ಇರುತ್ತೆ, ಆಮೇಲೆ ಬೇಕಂದ್ರೆ ಮತ್ತೆ ಹಾಕಿಸ್ಕೋಬೇಕು.

ಸುಮ್ನೆ ಇದ್ದಾಗ್ಲೂ ಸಣ್ಣ ಸಣ್ಣ ಗೆರೆ ಇದ್ದು ಚರ್ಮ ತೆಳ್ಳಗೆ ಮುದುರಿದ ಹಾಗೆ ಕಾಣ್ತಿದ್ರೆ ಅಲ್ಲಿ ಚರ್ಮವನ್ನ ಬಿಗಿಯಾಗಿಡೋ ಕೊಲಾಜೆನ್ ಅನ್ನೋ ಪ್ರೋಟೀನ್ ಕಮ್ಮಿ ಆಗಿದೆ ಅಂತರ್ಥ, ವಯಸ್ಸು ಒಂದು ಕಾರಣ, ಬಿಸಿಲು ಅದಕ್ಕಿಂತ ಏನೂ ಕಮ್ಮಿ ಇಲ್ಲ. ರೆಪ್ಪೆ ಚರ್ಮ ಬರೀ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ, ಅದಕ್ಕೇ ಕೆನ್ನೆಗೆ ನಡೆಯೋ ಸೆಟ್ಟಿಂಗ್ ಇಲ್ಲಿ ನಡೆಯಲ್ಲ. ಇನ್ನು ಕಣ್ಣಿನ ಕೆಳಗೆ ಚೀಲದ ಥರ ಊದಿಕೊಂಡಿದ್ರೆ ಅದು ಸಾಮಾನ್ಯವಾಗಿ ಒಳಗಿನ ಕೊಬ್ಬು ಮುಂದಕ್ಕೆ ಬಂದಿರೋದು, ಮೇಲಿನ ರೆಪ್ಪೆ ಜೋತು ಬಿದ್ದು ನೋಟಕ್ಕೇ ಅಡ್ಡ ಬರ್ತಿದ್ರೆ ಅದೂ ಬೇರೆ ಸಮಸ್ಯೆ, ಇವೆರಡಕ್ಕೂ ಸರ್ಜನ್ ಹತ್ರ ಕಳಿಸೋದೇ ನ್ಯಾಯ, ಮೆಷಿನ್‌ನಲ್ಲಿ ಆರು ಸಿಟ್ಟಿಂಗ್ ಮಾಡ್ಸಿ ನೋಡಿ ಅಂತ ಹೇಳೋದಲ್ಲ.

ಹಾಗಾದ್ರೆ ಟೈಟನಿಂಗ್ ಯಾರಿಗೆ? ಚರ್ಮ ಅಲ್ಪಸ್ವಲ್ಪ ಸಡಿಲ ಆಗಿರೋರಿಗೆ. ರೇಡಿಯೋಫ್ರೀಕ್ವೆನ್ಸಿ, ಅಂದ್ರೆ ಥರ್ಮೇಜ್‌ನಂಥ ಮೆಷಿನ್ ಬಳಸೋ ರೇಡಿಯೋ ತರಂಗ, ಚರ್ಮದ ಒಳಪದರಕ್ಕೆ ಶಾಖ ಕೊಡುತ್ತೆ, ಆ ಶಾಖಕ್ಕೆ ಹಳೇ ಕೊಲಾಜೆನ್ ಕುಗ್ಗಿ ನಿಧಾನಕ್ಕೆ ಹೊಸದು ಕಟ್ಟಿಕೊಳ್ಳುತ್ತೆ, ಅದಕ್ಕೇ ಪೂರ್ತಿ ರಿಸಲ್ಟ್ ಕಾಣೋಕೆ ಮೂರರಿಂದ ಆರು ತಿಂಗಳು ಬೇಕು. ಮುಂದಿನ ವಾರ ಫಂಕ್ಷನ್ ಇದೆ ಅಂತ ಬಂದ್ರೆ ಪ್ರಯೋಜನ ಇಲ್ಲ. ಇದು ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡೋ ವಸ್ತು) ನೋಡ್ಕೊಂಡು ಕೆಲಸ ಮಾಡಲ್ಲ, ಹಾಗಾಗಿ ಕಪ್ಪು ಅಥವಾ ಗೋಧಿಬಣ್ಣದ ಚರ್ಮಕ್ಕೆ ಲೇಸರ್‌ಗಿಂತ ಸೇಫ್, ಆದ್ರೆ ಬದಲಾವಣೆ ಸಾಧಾರಣ ಅಷ್ಟೇ, ಆಪರೇಷನ್ ಮಾಡ್ಸಿದಷ್ಟು ಎತ್ತಲ್ಲ. ಪೇಸ್‌ಮೇಕರ್ ಇದ್ರೆ ಮೊದ್ಲೇ ಹೇಳ್ಬೇಕು, ಅಂಥೋರಿಗೆ ಇದು ಬೇಡ. ರೆಪ್ಪೆ ಮೇಲೇ ಮಾಡೋದಾದ್ರೆ ಅದಕ್ಕೇ ಅಂತ ಇರೋ ಚಿಕ್ಕ ಟಿಪ್ ಬೇಕು, ಕಣ್ಣುಗುಡ್ಡೆ ಕಾಯೋಕೆ ರೆಪ್ಪೆ ಒಳಗೆ ಶೀಲ್ಡ್ (ರಕ್ಷಣೆಯ ಮುಚ್ಚಳ) ಕೂರಿಸ್ಲೇಬೇಕು.

ಹೈಫು ಅಂದ್ರೆ ಅಲ್ಟ್ರಾಸೌಂಡ್ ಶಾಖವನ್ನ ಆಳದಲ್ಲಿ ಒಂದೊಂದೇ ಚುಕ್ಕೇಲಿ ಕೂಡಿಸೋದು. ಹುಬ್ಬು ಸ್ವಲ್ಪ ಮೇಲೆತ್ತೋಕೆ ಚೆನ್ನಾಗಿದೆ, ಆದ್ರೆ ಕಣ್ಣಿನ ಗೂಡಿನ ಸುತ್ತ ಬೆರಳಿಟ್ರೆ ಸಿಗೋ ಮೂಳೆ ಅಂಚಿದೆಯಲ್ಲ, ಅದನ್ನ ದಾಟಿ ಒಳಗೆ ಬರಬಾರ್ದು. ರೆಪ್ಪೆ ಮೇಲೆ ಹೈಫು ಹೊಡೆಸ್ಕೊಂಡು ಕಣ್ಣಿಗೆ ಪೊರೆ ಬಂದಿರೋ ಕೇಸ್‌ಗಳು ವೈದ್ಯಕೀಯ ಜರ್ನಲ್‌ಗಳಲ್ಲಿ ದಾಖಲಾಗಿವೆ, ಇದನ್ನ ಹೆದರಿಸೋಕೆ ಹೇಳ್ತಿಲ್ಲ, ಪಾರ್ಲರ್‌ನಲ್ಲಿ ಆಫರ್ ಇದೆ ಅಂತ ಹೋಗೋರಿಗೆ ಗೊತ್ತಿರ್ಲಿ ಅಂತ ಹೇಳ್ತಿದೀನಿ.

ಸಣ್ಣ ಗೆರೆಗಳಿಗೆ ಜಾಸ್ತಿ ಫಲ ಕೊಡೋದು ಫ್ರ್ಯಾಕ್ಷನಲ್ ಸಿಒ2 ಲೇಸರ್ (ಚರ್ಮದ ಮೇಲೆ ಸಣ್ಣ ಸಣ್ಣ ಚುಕ್ಕೆಗಳಲ್ಲಿ ಸುಡೋ ಲೇಸರ್), ಜಾಸ್ತಿ ತೊಂದ್ರೆ ಕೊಡೋದೂ ಅದೇ. ಒಂದು ವಾರ ಕೆಂಪು, ಊತ, ಸಿಪ್ಪೆ ಏಳೋದು ಇರುತ್ತೆ, ಬಣ್ಣ ಜಾಸ್ತಿ ಇರೋ ಚರ್ಮದಲ್ಲಿ ಆಮೇಲೆ ಕಪ್ಪು ಕಲೆ ಉಳ್ಕೊಂಡು ತಿಂಗಳಾನುಗಟ್ಲೆ ಹೋಗ್ದೇ ಇರ್ಬಹುದು, ಸುಕ್ಕಿಗೆ ಅಂತ ಹೋಗಿ ಕಪ್ಪು ವರ್ತುಲ ತಂದ್ಕೊಂಡೋರು ಎಷ್ಟು ಬೇಜಾರಾಗ್ತಾರೆ ಅಂತ ನೋಡಿದ ಮೇಲೆ ನಾನಂತೂ ಕಮ್ಮಿ ಎನರ್ಜೀಲಿ ಶುರು ಮಾಡೋ ಪಕ್ಷ. ಲೇಸರ್‌ಗೆ ಮುಂಚೆ ಡಾಕ್ಟ್ರು ನಿಮ್ಮ ಕೆಳರೆಪ್ಪೆನ ಮೆಲ್ಲಗೆ ಕೆಳಗೆಳೆದು ಬಿಡ್ತಾರೆ, ತಕ್ಷಣ ಕಣ್ಣಿಗೆ ಅಂಟಿಕೊಳ್ದೇ ನಿಧಾನಕ್ಕೆ ಬಂತು ಅಂದ್ರೆ ರೆಪ್ಪೆನೇ ಸಡಿಲ, ಅಂಥ ಕಡೆ ಜೋರಾಗಿ ಲೇಸರ್ ಹಾಕಿದ್ರೆ ರೆಪ್ಪೆ ಹೊರಕ್ಕೆ ಮಗುಚೋ ಅಪಾಯ ಇದೆ. ಈ ಪರೀಕ್ಷೆ ಮಾಡ್ದೇ ಡೇಟ್ ಕೊಟ್ರೆ ಯಾಕೆ ಮಾಡ್ಲಿಲ್ಲ ಅಂತ ಧೈರ್ಯವಾಗಿ ಕೇಳಿ.

ಮೆಷಿನ್ ಯಾರು ಹಿಡೀತಾರೆ, ಕಣ್ಣಿಗೆ ಯಾವ ಶೀಲ್ಡ್ ಹಾಕ್ತಾರೆ, ನನ್ನ ಥರದ ಚರ್ಮ ಇರೋರ ಫೋಟೋ ಇದೆಯಾ ಅಂತಾನೂ ಕೇಳಿ. ಫೋಟೋ ನೋಡುವಾಗ ಹುಷಾರು, ಮೊದಲಿನದರಲ್ಲಿ ನಗು, ಆಮೇಲಿನದರಲ್ಲಿ ಗಂಭೀರ ಮುಖ ಇದ್ರೆ ಸುಕ್ಕು ತಾನಾಗೇ ಕಮ್ಮಿ ಕಾಣುತ್ತೆ. ಇನ್ನೂ ಸುಕ್ಕು ಶುರು ಆಗ್ತಿದೆ ಅನ್ನೋರಿಗೆ ನಾನು ಮೆಷಿನ್ ಹೇಳೋದೇ ಇಲ್ಲ, ಸನ್‌ಸ್ಕ್ರೀನ್, ಕೂಲಿಂಗ್ ಗ್ಲಾಸ್, ರಾತ್ರಿ ಕಮ್ಮಿ ಶಕ್ತಿಯ ರೆಟಿನಾಯ್ಡ್ (ವಿಟಮಿನ್ ಎ ಜಾತಿಯ) ಕ್ರೀಮ್ ಕೆಲವು ತಿಂಗಳು ಹಚ್ಚಿ ನೋಡಿ ಅಂತೀನಿ, ಗರ್ಭಿಣಿಯರಿಗೆ ಮಾತ್ರ ರೆಟಿನಾಯ್ಡ್ ಬೇಡ.

ಟ್ರೀಟ್‌ಮೆಂಟ್ ಆದ್ಮೇಲೆ ಸ್ವಲ್ಪ ಊತ, ಕೆಂಪು ಮಾಮೂಲಿ. ಆದ್ರೆ ಕಣ್ಣು ನೋವು, ದೃಷ್ಟಿ ಮಂಜಾಗೋದು, ಬೆಳಕು ನೋಡೋಕಾಗ್ದೇ ಇರೋದು ಬಂದ್ರೆ ನಾಳೆ ನೋಡೋಣ ಅಂತ ಕೂರ್ಬೇಡಿ, ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ ಯಾವ ಮೆಷಿನ್, ಎಲ್ಲಿ ಹಾಕಿದ್ರು ಅನ್ನೋದನ್ನೆಲ್ಲ ಹೇಳಿ.