ಮಥಾಯಸ್ ಮತ್ತು ಗ್ಯಾಡೊಲಿನಿಯಮ್: ಅತಿವಾಹಕಕ್ಕೆ ಕಾಂತತೆ ಯಾಕೆ ಆಗಿಬರಲ್ಲ?

ಬರ್ನ್ಡ್ ಮಥಾಯಸ್ ಹುಟ್ಟಿದ್ದು 1918ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ. ಡಾಕ್ಟರೇಟ್ ಮಾಡಿದ್ದು ಜ್ಯೂರಿಕ್‌ನಲ್ಲಿ. 1948ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದರು, 1961ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಪ್ರೊಫೆಸರ್ ಆದರು. ಎಡೆಬಿಡದೆ ಹೊಸ ಹೊಸ ಮಿಶ್ರಲೋಹ ಕರಗಿಸಿ, ತಣ್ಣಗೆ ಮಾಡಿ ಅಳೆಯುವುದೇ ಅವರ ದಾರಿ. 1954ರ ನಯೋಬಿಯಮ್-ತವರ ಅವರ ಗುಂಪಿನದೇ, 18 ಕೆಲ್ವಿನ್‌ವರೆಗೂ ಅತಿವಾಹಕ, ಅಂದರೆ ವಿದ್ಯುತ್ತಿಗೆ ರೋಧವೇ ಇಲ್ಲ. ಇವತ್ತಿಗೂ ಬಲವಾದ ಮ್ಯಾಗ್ನೆಟ್ ಸುತ್ತಲು ಅದರ ತಂತಿ ಬಳಸುತ್ತಾರೆ. ಇಷ್ಟು ಸಾಕು. ನನಗೆ ಬೇಕಿರುವುದು 1958ರ ಪ್ರಯೋಗ. ಅತಿವಾಹಕದಲ್ಲಿ ಎಲೆಕ್ಟ್ರಾನ್‌ಗಳು ಎರಡೆರಡಾಗಿ ಸೇರಿ ರೋಧವಿಲ್ಲದೆ ಹರಿಯುತ್ತವೆ, ಆ ಜೋಡಿಗೆ ಕೂಪರ್ ಜೋಡಿ ಅನ್ನುತ್ತಾರೆ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ಹೋಗೋಣ.

ಲ್ಯಾಂಥನಮ್ ತಾನಾಗೇ ಅತಿವಾಹಕ. ಅದಕ್ಕೆ ಬೇರೆ ಬೇರೆ ಅಪರೂಪದ ಭಸ್ಮ (ರೇರ್ ಅರ್ತ್) ಲೋಹಗಳನ್ನು ಚಿಟಿಕೆಯಷ್ಟು ಬೆರೆಸಿ, ಸಂಕ್ರಮಣ ತಾಪ (ಅತಿವಾಹಕತೆ ಶುರುವಾಗುವ ತಾಪ) ಎಷ್ಟು ಇಳಿಯುತ್ತದೆ ಅಂತ ಮಥಾಯಸ್, ಸೂಲ್, ಕೊರೆಂಜ್ವಿಟ್ ನೋಡಿದರು. ಎಲ್ಲಕ್ಕಿಂತ ಹೆಚ್ಚು ಕೆಡಿಸಿದ್ದು ಗ್ಯಾಡೊಲಿನಿಯಮ್, ಹಾಲಿಗೆ ಹುಳಿ ಹಿಂಡಿದ ಹಾಗೆ: ಸುಮಾರು 1% ಬಿದ್ದರೆ ಅತಿವಾಹಕತೆಯೇ ಮಾಯ. ಆದರೆ ಕಾಂತೀಯ ಮೊಮೆಂಟ್ (ಪರಮಾಣು ಎಷ್ಟು ಬಲವಾದ ಮ್ಯಾಗ್ನೆಟ್ ಅನ್ನುವ ಅಳತೆ) ಜಾಸ್ತಿ ಇರುವುದು ಡಿಸ್ಪ್ರೋಸಿಯಮ್‌ಗೆ (10.6 ಬೋರ್ ಮ್ಯಾಗ್ನೆಟಾನ್), ಗ್ಯಾಡೊಲಿನಿಯಮ್‌ಗೆ ಬರೀ 7.9. ಹಾಗಿದ್ದರೆ ದೊಡ್ಡ ಮ್ಯಾಗ್ನೆಟ್ ಜಾಸ್ತಿ ಕೆಡಿಸಬೇಕಿತ್ತು, ಅಲ್ವಾ?

ಇಲ್ಲೇ ತಲೆ ಕೆರೆದುಕೊಳ್ಳುವಂತಾಗುವುದು. ನಿಧಾನವಾಗಿ ನೋಡೋಣ.

ಕೂಪರ್ ಜೋಡಿಯಲ್ಲಿ ಎರಡು ಎಲೆಕ್ಟ್ರಾನ್‌ಗಳ ಸ್ಪಿನ್ (ಎಲೆಕ್ಟ್ರಾನಿಗೆ ಹುಟ್ಟಿನಿಂದಲೇ ಇರುವ ಕೋನೀಯ ಸಂವೇಗ) ಒಂದಕ್ಕೊಂದು ಎದುರು. ಕಲಬೆರಕೆ ಪರಮಾಣು ಈ ಜೋಡಿಯನ್ನು ಒಡೆಯುವುದು ತನ್ನ ಕಾಂತಕ್ಷೇತ್ರದಿಂದ ಅಲ್ಲ. ಆ ಕ್ಷೇತ್ರ ತೀರಾ ಚಿಕ್ಕದು. ಒಡೆಯುವುದು ವಿನಿಮಯ ಬಲದಿಂದ: ಪರಮಾಣುವಿನ ಸ್ಪಿನ್, ಹರಿಯುವ ಎಲೆಕ್ಟ್ರಾನಿನ ಸ್ಪಿನ್ ಜೊತೆ ನೇರವಾಗಿ ವ್ಯವಹರಿಸಿ ಅದನ್ನು ತಿರುಗಿಸಿಬಿಡುತ್ತದೆ. ಈ ಲೆಕ್ಕದಲ್ಲಿ ಕಕ್ಷೆಯ ಕೋನೀಯ ಸಂವೇಗ, ಅಂದರೆ ಎಲ್, ಬರುವುದಿಲ್ಲ. ಸ್ಪಿನ್, ಅಂದರೆ ಎಸ್, ಮಾತ್ರ ಬರುತ್ತದೆ.

ತೊಂದರೆ ಏನೆಂದರೆ ಈ ಲೋಹಗಳಲ್ಲಿ ಎಲ್ ಮತ್ತು ಎಸ್ ಬಿಗಿಯಾಗಿ ಸೇರಿ ಒಟ್ಟು ಕೋನೀಯ ಸಂವೇಗ, ಅಂದರೆ ಜೆ, ಆಗಿಬಿಟ್ಟಿವೆ. ಜೆ ಒಳಗೆ ಎಸ್ ಪಾಲು ಎಷ್ಟು? ಎರಡು ಸಾಲು ಬರೆಯಿರಿ (ಎರಡನೆಯದು ಕಾಂತೀಯ ಮೊಮೆಂಟ್; ಅದರಲ್ಲಿ ಸ್ಪಿನ್‌ಗೆ ಎರಡು ಪಟ್ಟು ಲೆಕ್ಕ, ಜಿ ಅಂದರೆ ಮೊಮೆಂಟ್‌ಗೂ ಜೆಗೂ ಇರುವ ಅನುಪಾತ):

ಎಲ್ + ಎಸ್ = ಜೆ
ಎಲ್ + 2ಎಸ್ = ಜಿ × ಜೆ

ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಎಸ್ = (ಜಿ−1) × ಜೆ. ಮುಗಿಯಿತು! (ಎರಡನೇ ಸಾಲು ನಿಜವಾಗುವುದು ಜೆ ದಿಕ್ಕಿನ ಪಾಲಿಗೆ ಮಾತ್ರ. ನಮಗೆ ಬೇಕಿರುವುದೂ ಅಷ್ಟೇ.) ವರ್ಗ ಮಾಡಿದರೆ (ಜಿ−1)² × ಜೆ(ಜೆ+1), ಯಾಕೆಂದರೆ ಕ್ವಾಂಟಮ್ ಲೆಕ್ಕದಲ್ಲಿ ಜೆ ವರ್ಗ ಅಂದರೆ ಜೆ(ಜೆ+1). ಇದನ್ನೇ ಡಿ ಜೆನ್ ಅಂಶ ಅನ್ನುತ್ತಾರೆ, ಇದು ಹೆಚ್ಚಿದ್ದಷ್ಟೂ ಜೋಡಿ ಒಡೆಯುವುದು ಹೆಚ್ಚು. ಸೂತ್ರ ಬಾಯಿಪಾಠ ಮಾಡಬೇಡಿ, ಆ ಎರಡು ಸಾಲು ನೆನಪಿದ್ದರೆ ಪರೀಕ್ಷೆಯಲ್ಲಿ ತಾನಾಗೇ ಬರುತ್ತದೆ.

ಗ್ಯಾಡೊಲಿನಿಯಮ್: ಎಲ್ ಸೊನ್ನೆ, ಜೆ = 7/2, ಜಿ = 2. ಉತ್ತರ 15.75.
ಡಿಸ್ಪ್ರೋಸಿಯಮ್: ಜೆ = 15/2, ಜಿ = 4/3. ಉತ್ತರ 7.08.

ಡಿಸ್ಪ್ರೋಸಿಯಮ್ ಮೊಮೆಂಟ್‌ನ ಅರ್ಧದಷ್ಟು ಕಕ್ಷೆಯಿಂದ ಬಂದದ್ದು, ಜೋಡಿ ಒಡೆಯಲು ಅದು ಕೆಲಸಕ್ಕೆ ಬಾರದು. ಇದರ ಪೂರ್ತಿ ಸಿದ್ಧಾಂತವನ್ನು ಕಟ್ಟಿದವರು ಅಬ್ರಿಕೊಸೊವ್ ಮತ್ತು ಗೋರ್ಕೊವ್. ಅದರ ಗಣಿತ ಕಷ್ಟ, ಸದ್ಯಕ್ಕೆ ಬಿಟ್ಟುಬಿಡಿ.

ಆಮ್ಲಜನಕದಿಂದ ದೂರ ಇರಿ, ಕಾಂತತೆಯಿಂದ ದೂರ ಇರಿ, ಸಿದ್ಧಾಂತಿಗಳಿಂದಂತೂ ದೂರವೇ ಇರಿ ಅನ್ನುವ ನಿಯಮಗಳು ಮಥಾಯಸ್ ಹೆಸರಲ್ಲಿ ಓಡಾಡುತ್ತವೆ. ಅವರು 1980ರಲ್ಲಿ ತೀರಿಕೊಂಡರು. 1986ರಲ್ಲಿ ಸಂಕ್ರಮಣ ತಾಪದ ದಾಖಲೆ ಮುರಿದದ್ದು ಆಮ್ಲಜನಕ ಇರುವ ತಾಮ್ರದ ಆಕ್ಸೈಡೇ! ಎರಡನೇ ನಿಯಮವೂ ಅಷ್ಟು ಗಟ್ಟಿಯಲ್ಲ ಅಂತ 1977ರಲ್ಲೇ ಕಂಡಿತ್ತು. ಅದನ್ನು ಕಂಡ ಗುಂಪಿನಲ್ಲಿ ಸ್ವತಃ ಮಥಾಯಸ್ ಇದ್ದರು. ಎರ್ಬಿಯಮ್ ರೋಡಿಯಮ್ ಬೋರೈಡ್ ಸುಮಾರು 8.7 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ಇನ್ನೂ ತಣ್ಣಗೆ ಮಾಡಿದರೆ, 0.9ರ ಹತ್ತಿರ ಎರ್ಬಿಯಮ್ ಸ್ಪಿನ್‌ಗಳೆಲ್ಲ ಒಂದೇ ದಿಕ್ಕಿಗೆ ನಿಂತು ಫೆರೋಮ್ಯಾಗ್ನೆಟ್ ಆಗುತ್ತದೆ, ಹೋಗಿದ್ದ ರೋಧ ವಾಪಸ್ ಬರುತ್ತದೆ. ಒಂದು ಸಂಯುಕ್ತದಲ್ಲಿ ಇಷ್ಟೊಂದು ಎರ್ಬಿಯಮ್ ಇದ್ದೂ ಅತಿವಾಹಕತೆ ಉಳಿದದ್ದು ಹೇಗೆ? ಎರ್ಬಿಯಮ್‌ನ ಡಿ ಜೆನ್ ಅಂಶ ಬರೀ 2.55. ಜೊತೆಗೆ ಹರಿಯುವ ಎಲೆಕ್ಟ್ರಾನ್‌ಗಳು ಹೆಚ್ಚಾಗಿ ರೋಡಿಯಮ್ ಕಡೆ ಇರುತ್ತವೆ, ಎರ್ಬಿಯಮ್ ಗೊಡವೆಗೆ ಜಾಸ್ತಿ ಹೋಗುವುದಿಲ್ಲ.

ಹೋಲ್ಮಿಯಮ್‌ಗೆ ನೀವೇ ಹಾಕಿ ನೋಡಿ: ಜೆ = 8, ಜಿ = 5/4. 4.5 ಬರಬೇಕು. ಎರ್ಬಿಯಮ್ ಜಾಗದಲ್ಲಿ ಹೋಲ್ಮಿಯಮ್ ಇಟ್ಟರೆ ಅದೇ ಬೋರೈಡ್ ಅತಿವಾಹಕ ಆಗುವುದೇ ಇಲ್ಲ, ಸುಮಾರು 6.6 ಕೆಲ್ವಿನ್‌ನಲ್ಲಿ ನೇರವಾಗಿ ಫೆರೋಮ್ಯಾಗ್ನೆಟ್ ಆಗಿಬಿಡುತ್ತದೆ.