ಆದಾಯ ಪತ್ರ ಬೇಡಮ್ಮ, ಮೊದಲು ಅರ್ಜಿ ಕೊಡಿ

ಜೀವನಾಂಶದ ಕೇಸು ಹಾಕಬೇಕೆಂದು, ಉಚಿತವಾಗಿ ವಕೀಲರನ್ನು ಕೊಡುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರುವ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಜನ ಅಷ್ಟರಲ್ಲಾಗಲೇ ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆದಿರುತ್ತಾರೆ. ಆ ಅಲೆದಾಟ ಬೇಕೇ ಇರಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣು ಎಂಬುದೇ ಅರ್ಹತೆ. ಗಾರ್ಮೆಂಟ್ಸ್‌ಗೆ ಹೋಗುವವರಾಗಲಿ, ಶಾಲೆಯಲ್ಲಿ ಪಾಠ ಹೇಳುವವರಾಗಲಿ, ಸಂಬಳ ಎಷ್ಟೆಂದು ಯಾರೂ ಕೇಳುವಂತಿಲ್ಲ. ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೂ ಹೀಗೆಯೇ. ಉಳಿದ ಗಂಡಸರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಉಂಟು. ಅವರಿಗೂ ಸಾಮಾನ್ಯವಾಗಿ ಒಂದು ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಸಾಕು.

ಪ್ರಾಧಿಕಾರದ ಕಚೇರಿ ಜಿಲ್ಲಾ ಕೋರ್ಟಿನ ಆವರಣದಲ್ಲಿರುತ್ತದೆ. ತಾಲ್ಲೂಕಿನಲ್ಲಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿ. ದಾರಿ ತಿಳಿಯದಿದ್ದರೆ 15100ಕ್ಕೆ ಫೋನ್ ಮಾಡಿ. ನೆರವು ಕೊಡಬೇಕೋ ಬೇಡವೋ ಎಂಬುದನ್ನು ಏಳು ದಿನದೊಳಗೆ ತೀರ್ಮಾನಿಸಬೇಕು. ಕೊಡುವುದಿಲ್ಲ ಎಂದರೆ ಅಧ್ಯಕ್ಷರಿಗೆ ಮೇಲ್ಮನವಿ ಹಾಕಬಹುದು.

ನಾನು ಅವಸರ ಮಾಡಲು ಕಾರಣವಿದೆ. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದಂತೆ, ಜೀವನಾಂಶ ಲೆಕ್ಕಕ್ಕೆ ಬರುವುದು ಕೋರ್ಟಿನಲ್ಲಿ ಅದರ ಅರ್ಜಿ ಹಾಕಿದ ದಿನದಿಂದ. ಗಂಡ ಮನೆಯಿಂದ ಹೊರಗೆ ಹಾಕಿದ ದಿನದಿಂದಲ್ಲ. ಹಿರಿಯರು ಪಂಚಾಯಿತಿ ಮಾಡಲಿ, ಮಧ್ಯಸ್ಥಿಕೆ ನಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ಅರ್ಜಿ ಫೈಲ್ ಆಗಿರಲಿ. ಅದಕ್ಕಾಗಿ ಗಂಡನ ಊರಿಗೆ ಓಡಬೇಕಿಲ್ಲ, ತವರಿನಲ್ಲಿದ್ದರೆ ಅಲ್ಲಿನ ಕೋರ್ಟಿನಲ್ಲೇ ಹಾಕಬಹುದು. ಜೀವನಾಂಶಕ್ಕಿದ್ದ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 144 ಬಂದಿದೆ. ನಂಬರು ಬದಲಾಯಿತು, ಹಕ್ಕು ಎಲ್ಲಿಗೂ ಹೋಗಿಲ್ಲ.

ಅದೇ ತೀರ್ಪಿನಿಂದಾಗಿ ಈಗ ಗಂಡ, ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಸಲ್ಲಿಸಬೇಕು. ಕೇಸಿನ ಜೀವ ಇರುವುದು ಇಲ್ಲಿ. ಒಂದು ಕೇಸಿನಲ್ಲಿ ಗಂಡ, ‘ನನಗೆ ಸ್ವಂತ ಗಾಡಿ ಇಲ್ಲ, ಬೇರೆಯವರದ್ದಕ್ಕೆ ಡ್ರೈವರ್ ಆಗಿ ಹೋಗ್ತೀನಿ’ ಎಂದು ಬರೆದುಕೊಟ್ಟಿದ್ದ. ಆಕೆಯ ಮೊಬೈಲಿನಲ್ಲಿ ಆಯುಧಪೂಜೆಯ ಫೋಟೋ ಇತ್ತು: ಬಾಳೆಕಂದು ಕಟ್ಟಿದ ಗೂಡ್ಸ್ ಗಾಡಿ, ಪಕ್ಕದಲ್ಲಿ ಅವನು, ಕೆಳಗೆ ನಂಬರ್ ಪ್ಲೇಟ್ ಸ್ಪಷ್ಟವಾಗಿ. ಆರ್‌ಸಿ ತೆಗೆಸಿದರೆ ಮಾಲೀಕ ಅವನೇ. ಹಾಗಾಗಿ ಬರುವಾಗ ಲಗ್ನಪತ್ರಿಕೆ, ಮಕ್ಕಳ ಜನನ ಪತ್ರ, ರೇಷನ್ ಕಾರ್ಡಿನ ಜೊತೆ ಹಳೆಯ ಫೋಟೋ, ಇಎಂಐ ಮೆಸೇಜು, ಫೋನ್‌ಪೇ ಲೆಕ್ಕ, ಪಹಣಿ, ಏನಿದೆಯೋ ಎಲ್ಲ ತನ್ನಿ. ಯಾವುದು ಉಪಯೋಗಕ್ಕೆ ಬರುತ್ತದೆಂದು ವಕೀಲರು ನೋಡಲಿ.

‘ಪುಕ್ಕಟೆ ವಕೀಲರು ಸರಿಯಾಗಿ ನೋಡ್ತಾರಾ ಮೇಡಂ?’ ಎಂದು ಕೇಳುವವರಿದ್ದಾರೆ. ಪ್ರಾಧಿಕಾರದ ವಕೀಲರ ಪ್ಯಾನೆಲ್‌ನಲ್ಲಿರುವ ನನಗೆ ಕಹಿಯಾದರೂ, ಆ ಅನುಮಾನ ಪೂರ್ತಿ ಸುಳ್ಳಲ್ಲ. ಸಂಭಾವನೆ ಕಮ್ಮಿ, ಬರುವುದೂ ತಡ. ಕೆಲವರು ವಾಯಿದೆಗೆ ಜೂನಿಯರನ್ನು ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಹಾಗಾದಾಗ ಸುಮ್ಮನಿರಬೇಡಿ, ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದು ಕೊಡಿ. ಅವರು ನ್ಯಾಯಾಧೀಶರು, ವಕೀಲರನ್ನು ಬದಲಿಸಬಲ್ಲರು. ಕೋರ್ಟ್ ಫೀ, ಪ್ರೊಸೆಸ್ ಫೀ (ನೋಟಿಸ್, ಸಮನ್ಸ್ ಕಳಿಸುವ ಶುಲ್ಕ) ಎಲ್ಲ ನೆರವಿನೊಳಗೇ ಬರುವುದರಿಂದ, ‘ಖರ್ಚಿಗೆ’ ಎಂದು ಯಾರು ಕೈಚಾಚಿದರೂ ಒಂದು ರೂಪಾಯಿ ಕೊಡಬೇಡಿ.

ಹೊಡೆತ ಬಡಿತದ ಮನೆಯಾದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿಯನ್ನು ಕಾಣಿ. ಕಾನೂನು ನೆರವು ಕೊಡಿಸುವುದು ಅವರ ಕರ್ತವ್ಯ. ಲೋಕ ಅದಾಲತ್‌ನಲ್ಲಿ ರಾಜಿಯಾಗುವುದಿದ್ದರೆ, ಬರೆದದ್ದನ್ನು ಕನ್ನಡದಲ್ಲಿ ಓದಿಸಿಕೊಂಡು ಆಮೇಲೆ ಸಹಿ ಹಾಕಿ. ಆ ರಾಜಿಯ ಮೇಲೆ ಬರುವ ಅವಾರ್ಡಿಗೆ, ಅಂದರೆ ತೀರ್ಪಿಗೆ, ಅಪೀಲು ಇಲ್ಲ.

ಆದೇಶ ಕೈಗೆ ಬಂದಮೇಲೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಗಂಡ ನಾಲ್ಕು ತಿಂಗಳು ಕಟ್ಟುತ್ತಾನೆ, ಆಮೇಲೆ ನಿಲ್ಲಿಸುತ್ತಾನೆ. ಬಾಕಿ ವಸೂಲಿಗೆ ವಾರಂಟ್ ಬೇಕಾದರೆ, ಆ ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ‘ಇವತ್ತಲ್ಲ ನಾಳೆ ಕೊಟ್ಟಾನು’ ಎಂದು ಕಾದರೆ ಹಳೆಯ ತಿಂಗಳುಗಳ ಮೇಲೆ ಆ ಹಿಡಿತ ತಪ್ಪುತ್ತದೆ. ಈ ಅರ್ಜಿಗೂ ಉಚಿತ ವಕೀಲರು ಸಿಗುತ್ತಾರೆ. ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು, ಆದೇಶದ ಪ್ರತಿಯೊಂದಿಗೆ ಅದೇ ಕಚೇರಿಗೆ ಬನ್ನಿ.